ವಜಾ ಆದೇಶದ ಮುಂದೆ ಕರುಣೆ

ಕೆಲಸ ಮಾಡದ ಸರ್ಕಾರಿ ನೌಕರನನ್ನು ಮನೆಗೆ ಕಳಿಸಬೇಕಾದ ಅಧಿಕಾರಿಯ ಅಳುಕು ಮೊದಲು ಕಾನೂನಿನ ಅಳುಕಾಗಿಯೇ ಕಾಣಿಸುತ್ತದೆ. ಸಂವಿಧಾನದ 311ನೇ ವಿಧಿಯ ಪ್ರಕಾರ, ನೇಮಕ ಮಾಡಿದ ಪ್ರಾಧಿಕಾರಕ್ಕಿಂತ ಕೆಳಗಿನವರು ನೌಕರನನ್ನು ವಜಾ ಮಾಡುವಂತಿಲ್ಲ. ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಆರೋಪ ತಿಳಿಸಿ ವಿಚಾರಣೆ ನಡೆಸದೆ, ಅವನ ಮಾತು ಕೇಳದೆ ತೆಗೆಯುವಂತೆಯೂ ಇಲ್ಲ. ಕರ್ನಾಟಕದಲ್ಲಿ ಈ ವಿಚಾರಣೆ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಂತೆ ನಡೆಯುತ್ತದೆ. ದಕ್ಷತೆ ಸಾಲದು ಎಂಬುದೊಂದೇ ದುರ್ನಡತೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1979ರಲ್ಲಿ ಜೆ. ಅಹ್ಮದ್ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಲಂಚ ತಿಂದು ಸಿಕ್ಕಿಬಿದ್ದವನ ಮೇಲೆ ದೋಷಾರೋಪಣ ಪಟ್ಟಿ ಬರೆಯುವಷ್ಟು ಸುಲಭವಾಗಿ, ಕಡತ ಮುಟ್ಟದೆ ಕೂತವನ ಮೇಲೆ ಬರೆಯಲಾಗದು.

ಈ ತೊಡಕೆಲ್ಲ ಬಗೆಹರಿದರೂ ಒಂದು ಅಳುಕು ಉಳಿಯುತ್ತದೆ. ಆ ನೌಕರನಿಗೆ ಮನೆ ಸಾಲದ ಕಂತಿದೆ, ಮದುವೆಗೆ ಬಂದ ಮಗಳಿದ್ದಾಳೆ ಎಂಬುದು ಅಧಿಕಾರಿಗೆ ಗೊತ್ತು. ಒಬ್ಬರ ಹೊಟ್ಟೆ ಮೇಲೆ ಹೊಡೆಯುವ ಪಾಪ ನಮಗೇಕೆ ಎಂದು ಸಹೋದ್ಯೋಗಿಗಳೂ ಹೇಳುತ್ತಾರೆ. ಇದು ಹುಸಿ ಸಂಕಟವಲ್ಲ. ಅನ್ನ ಕಸಿಯುವಾಗ ಕೈ ನಡುಗದವನ ಕೈಗೆ ಇಂಥ ಅಧಿಕಾರ ಕೊಡಬಾರದು. ಆದರೆ ನಡುಗಿದ ಮಾತ್ರಕ್ಕೆ ಅದು ಕರುಣೆಯೇ ಎಂಬುದನ್ನು ಶೋಧಿಸಿ ನೋಡಬೇಕು.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ತ್ಯಾಗವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮಾಡಬೇಕಾದ ಕರ್ಮವನ್ನು ದುಃಖಕರವೆಂದು, ಕ್ಲೇಶಕ್ಕೆ ಹೆದರಿ ಬಿಡುವುದು ಅಲ್ಲಿ ರಾಜಸ ತ್ಯಾಗ. ಅದಕ್ಕೆ ತ್ಯಾಗದ ಫಲವಿಲ್ಲ. ಐದನೆಯ ಶತಮಾನದ ಬೌದ್ಧ ಆಚಾರ್ಯ ಬುದ್ಧಘೋಷ ಇನ್ನೂ ಸೂಕ್ಷ್ಮವಾಗಿ ನೋಡಿದ. ಕ್ರೌರ್ಯ ಕರುಣೆಯ ದೂರದ ಶತ್ರು. ಸಂಸಾರದ ಅಂಟಿನಿಂದ ಹುಟ್ಟುವ ದುಃಖ ಅದರ ಹತ್ತಿರದ ಶತ್ರು. ಹತ್ತಿರದ ಶತ್ರು ಕರುಣೆಯಂತೆಯೇ ಕಾಣುವುದರಿಂದ ಗುರುತಿಸುವುದು ಕಷ್ಟ. ದಿನವೂ ಮುಖ ನೋಡುವ ನೌಕರನಿಗಾಗಿ ಮರುಗುವ ಮನಸ್ಸು, ಮುಖ ಕಾಣದವರಿಗಾಗಿ ಮರುಗದಿದ್ದರೆ ಅದು ಬರೀ ಬಳಕೆಯ ಮೋಹ.

ಆ ಮುಖ ಕಾಣದವರು ಯಾರು? ಗಂಡನನ್ನು ಕಳೆದುಕೊಂಡು ವಿಧವಾ ವೇತನಕ್ಕೆ ಅರ್ಜಿ ಕೊಟ್ಟವಳು. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ತಾಲ್ಲೂಕು ಕಚೇರಿಗೆ ಬರುತ್ತಾಳೆ. 'ಸಾಹೇಬ್ರು ಸೀಟಲ್ಲಿಲ್ಲ, ನಾಳೆ ಬಾ' ಎನಿಸಿಕೊಂಡು ಹಿಂದಿರುಗುತ್ತಾಳೆ. ಅವಳ ಅನ್ನವೂ ಅನ್ನವೇ. ಅದೇ ಶಾಖೆಯಲ್ಲಿ ತನ್ನ ಕೆಲಸದ ಜೊತೆಗೆ ಮೈಗಳ್ಳನ ಕೆಲಸವನ್ನೂ ಎಳೆಯುವ ಗುಮಾಸ್ತನಿರುತ್ತಾನೆ. ಅಧಿಕಾರಿ ತೋರುವ ದಯೆಯ ಖರ್ಚು ಇವರಿಬ್ಬರ ಲೆಕ್ಕಕ್ಕೆ ಬೀಳುತ್ತದೆ. ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಕಳಿಸಿದಳು ಎಂಬ ಕಥೆಯಿದೆ. ಕಾಯಕಕ್ಕೆ ಮೀರಿದ ಅಕ್ಕಿಯನ್ನೇ ಒಲ್ಲದ ಆ ಮನೆಯ ಅಳತೆಗೆ, ಕಾಯಕವೇ ಇಲ್ಲದ ಸಂಬಳ ಯಾವ ಲೆಕ್ಕಕ್ಕೂ ನಿಲ್ಲುವುದಿಲ್ಲ.

ಹಾಗೆಂದು ಕಠೋರತೆ ಧರ್ಮವಾಗದು. ಉಗ್ರ ದಂಡಕ್ಕೆ ಜನ ಹೆದರುತ್ತಾರೆ, ಮೃದು ದಂಡವನ್ನು ಕಡೆಗಣಿಸುತ್ತಾರೆ, ತಕ್ಕ ದಂಡವನ್ನು ಗೌರವಿಸುತ್ತಾರೆ ಎಂಬುದು ಕೌಟಿಲ್ಯನ ಅರ್ಥಶಾಸ್ತ್ರದ ನಿಲುವು. ತಕ್ಕದ್ದು ಯಾವುದೆಂದು ತಿಳಿಯಲು ನೌಕರನ ಅಸಮರ್ಥತೆಯ ಮೂಲ ಹುಡುಕಬೇಕು. ಕಾಯಿಲೆಯೋ, ಕುಡಿತವೋ, ತರಬೇತಿಯ ಕೊರತೆಯೋ, ಹೊಸ ತಂತ್ರಾಂಶದ ಭಯವೋ, ಅಥವಾ ಯಾರೂ ಕೇಳುವುದಿಲ್ಲ ಎಂಬ ಧೈರ್ಯವೋ? ಕೊನೆಯದನ್ನು ಬಿಟ್ಟು ಉಳಿದವಕ್ಕೆ ಮದ್ದುಂಟು.

ಅಧಿಕಾರಿಯ ನಿಜವಾದ ತಪ್ಪು ಹೆಚ್ಚಾಗಿ ಆಗುವುದು ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ. ನಿಷ್ಠುರ ಬೇಡವೆಂದು ವರ್ಷವರ್ಷವೂ 'ಉತ್ತಮ' ಎಂದು ಬರೆದು, ತಡೆಯಲಾಗದಾಗ ಬೇರೆ ಕಚೇರಿಗೆ ಎತ್ತಂಗಡಿ ಮಾಡಿಸುತ್ತಾರೆ. ತಿದ್ದಿಕೊಳ್ಳುವ ಅವಕಾಶವೇ ಸಿಗದ ನೌಕರನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟಿನ 2008ರ ದೇವ್ ದತ್ ತೀರ್ಪು ವಿಧಿಸಿರುವುದು ನೈತಿಕವಾಗಿಯೂ ಸರಿ. ವರ್ಷವರ್ಷವೂ ನಿಜ ಬರೆದು, ತಿಳಿಸಿ, ತಿದ್ದಲು ಕಾಲ ಕೊಟ್ಟ ಅಧಿಕಾರಿಯ ಆದೇಶದಲ್ಲಿ ಪಾಪವಿಲ್ಲ. ಅಂಥ ಅಧಿಕಾರಿಗೆ ವಜಾ ಒಂದೇ ದಾರಿಯೂ ಅಲ್ಲ: ಸಾರ್ವಜನಿಕ ಹಿತಕ್ಕಾಗಿ ಕೊಡುವ ಕಡ್ಡಾಯ ನಿವೃತ್ತಿ ಶಿಕ್ಷೆಯಲ್ಲ, ಅದರಿಂದ ಕಳಂಕ ತಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1992ರ ಬೈಕುಂಠನಾಥ ದಾಸ್ ಪ್ರಕರಣದಲ್ಲಿ ತೀರ್ಮಾನಿಸಿದೆ.