ಪಕ್ಕದ ಮನೆಯ ರೇಡಿಯೊ

ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವವರಿಗೆ ಸ್ವಿಚಿಂಗ್ ಪವರ್ ಸಪ್ಲೈ ಅಗ್ಗ, ಹಗುರ. ಅದು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಾಂತರ ಸಲ ವಿದ್ಯುತ್ತನ್ನು ಕಡಿದು ಕೂಡಿಸುತ್ತದೆ. ನಮ್ಮ ಕಿವಿಯ ಮಿತಿ ಸುಮಾರು 20,000 ಹರ್ಟ್ಜ್. ಆದರೂ ಆ ಗದ್ದಲ ಹಾಡಿನೊಳಗೆ ನುಸುಳಬಹುದೆಂದು ಔಟ್‌ಪುಟ್‌ಗೆ ಕಾಯಿಲ್, ಕೆಪಾಸಿಟರ್ ಹಾಕುತ್ತೇವೆ. ಹಾಡು ತಿಳಿಯಾಗುತ್ತದೆ.

ಗದ್ದಲಕ್ಕೆ ಇನ್ನೊಂದು ಬಾಗಿಲೂ ಇದೆ: ಗೋಡೆಯ ಪ್ಲಗ್ಗು. ಅಲ್ಲಿಂದ ಅದು ತಂತಿ ಹಿಡಿದು ಪಕ್ಕದ ಮನೆಗೂ ಹೋಗುತ್ತದೆ. ಸಪ್ಲೈ 102 ಕಿಲೋಹರ್ಟ್ಜ್‌ನಲ್ಲಿ ಮಿಡಿದರೆ ಅದರ ಆರನೇ ಹಾರ್ಮೋನಿಕ್ 612. ಅದು ಮಧ್ಯಮ ತರಂಗದಲ್ಲಿ ಬೆಂಗಳೂರು ಆಕಾಶವಾಣಿಯ ಜಾಗ. ನಮ್ಮ ಹಾಡು ತಿಳಿಯಾದ ಹೊತ್ತಿಗೇ ಪಕ್ಕದವರ ವಾರ್ತೆ ಗೊರಗುಟ್ಟುತ್ತಿರಬಹುದು.

ಆ ಬಾಗಿಲಿಗೂ ಫಿಲ್ಟರ್ ಹಾಕಬಹುದು. ಅದರಿಂದ ನಮ್ಮ ಹಾಡಿಗೆ ಹೆಚ್ಚೇನೂ ಲಾಭವಿಲ್ಲ. ನೀತಿಯ ಪ್ರಶ್ನೆ ಎದ್ದು ನಿಲ್ಲುವುದು ಅಲ್ಲೇ. ನಮಗೆ ಕೇಳಿಸದ ನಮ್ಮ ಸದ್ದಿಗೂ ನಾವೇ ಹೊಣೆಯೆಂದಾದರೆ, ಆ ಫಿಲ್ಟರಿನ ಖರ್ಚೂ ನಮ್ಮದೇ.