ನಮ್ಮ ಮಿಲ್ಲು

ನಮ್ಮ ತಂದೆ ಮೂವತ್ತೊಂದು ವರ್ಷ ಒಂದು ಬಟ್ಟೆ ಮಿಲ್ಲಿನಲ್ಲಿ ದುಡಿದರು. ರಾಜಾಜಿನಗರದ ನಮ್ಮ ವಠಾರದಿಂದ ಊಟದ ಡಬ್ಬಿಯನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಡುವಾಗ, "ನಮ್ಮ ಮಿಲ್ಲಿಗೆ ಹೊತ್ತಾಯ್ತು" ಎನ್ನುವರು. ಅಮ್ಮ ಒಮ್ಮೆ ಅಕ್ಕಿ ಆರಿಸುತ್ತಾ, "ನಮ್ಮದು ನಮ್ಮದು ಅಂತೀರಲ್ಲ, ಅದರ ಒಂದು ಇಟ್ಟಿಗೆಯಾದರೂ ನಿಮ್ಮ ಹೆಸರಲ್ಲಿದೆಯೇ?" ಎಂದುಬಿಟ್ಟರು. ಅಪ್ಪ ನಕ್ಕು ಪೆಡಲು ತುಳಿದರು. ತೊಂಬತ್ತರ ದಶಕದ ಒಂದು ಬೆಳಿಗ್ಗೆ, ಗೇಟಿಗೆ ಅಂಟಿಸಿದ್ದ ನೋಟೀಸು ಓದಿಕೊಂಡು ಮನೆಗೆ ಹಿಂದಿರುಗಿದರು. ಪ್ರಾವಿಡೆಂಟ್ ಫಂಡು ಬಂತು, ಗ್ರಾಚ್ಯುಟಿ ತಡವಾಗಿಯಾದರೂ ಬಂತು. ಅವರನ್ನು ಕೊರೆದದ್ದು ಹಣವಲ್ಲ. "ಒಂದು ಮಾತು ಕೇಳಲಿಲ್ಲ ನೋಡು" ಎಂದು ತಿಂಗಳುಗಟ್ಟಲೆ ಹೇಳುತ್ತಿದ್ದರು.

ದುಡಿದವನಿಗೆ ಸಂಬಳ ಸಂದರೆ ಲೆಕ್ಕ ಚುಕ್ತಾ ಆಯಿತೇ? ಗಂಡನ ಮನೆಗೆ ನಲವತ್ತು ವರ್ಷ ಜೀವ ತೇಯ್ದು, ಪಹಣಿಯಲ್ಲೂ ಖಾತೆಯಲ್ಲೂ ಹೆಸರಿಲ್ಲದೆ ಉಳಿದ ಹೆಂಗಸರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ರೀತಿ ಲೆಕ್ಕ ಹಾಕಿದವರೂ ಇದ್ದಾರೆ. 1981ರಲ್ಲಿ ಸುಧಾ ಮೂರ್ತಿಯವರು ಕೂಡಿಟ್ಟಿದ್ದ 10,000 ರೂಪಾಯಿಯಿಂದ ಶುರುವಾದ ಇನ್ಫೋಸಿಸ್, 1993ರಲ್ಲಿ ಜನರಿಗೆ 95 ರೂಪಾಯಿಗೊಂದರಂತೆ ಷೇರು ಮಾರಿತು. ಮರುವರ್ಷವೇ ತನ್ನ ನೌಕರರಿಗೆ ಷೇರು ಕೊಡುವ ಯೋಜನೆ ತಂದಿತು. ಅಲ್ಲಿಯ ಡ್ರೈವರುಗಳೂ ಲಕ್ಷಾಧೀಶರಾದರಂತೆ ಎಂಬ ಸುದ್ದಿ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ, "ಅದೃಷ್ಟ ಕಣ್ರೀ" ಎಂದರು. ನನಗೆ ಸಿಟ್ಟು ಬಂತು. ಇಂಜಿನಿಯರನಿಗೆ ಸಿಕ್ಕರೆ ಪ್ರತಿಭೆ, ಡ್ರೈವರನಿಗೆ ಸಿಕ್ಕರೆ ಅದೃಷ್ಟವೇ? ಅದನ್ನು ಯಾರೂ ಅವನಿಗೆ ದಾನ ಕೊಡಲಿಲ್ಲ. ಬೆಳೆದ ಬೆಲೆಯಲ್ಲಿ ಅವನ ನಿದ್ದೆಗೆಟ್ಟ ರಾತ್ರಿಗಳೂ ಸೇರಿದ್ದವು.

ಆದರೆ ಏರಿದ್ದು ಇಳಿಯುವುದೂ ಉಂಟು. ವಿಜಯನಗರದ ನನ್ನ ಓರಗಿತ್ತಿಯ ಮಗ ಒಂದು ಹೊಸ ಕಂಪನಿಯಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿ, ಉಳಿದದ್ದಕ್ಕೆ ಷೇರಿನ ಕಾಗದ ಪಡೆದ. ಕಂಪನಿ ಬಾಗಿಲು ಹಾಕಿತು. ಕೆಲಸವೂ ಹೋಯಿತು, ಉಳಿತಾಯವೂ ಹೋಯಿತು. ಇದ್ದಬದ್ದ ಹಾಲನ್ನೆಲ್ಲ ಒಂದೇ ಪಾತ್ರೆಯಲ್ಲಿ ಕಾಯಿಸಿ ಒಡೆಸಿಕೊಂಡ ಹಾಗೆ. ಷೇರು ಕೊಡುವುದಾದರೆ ಸಂಬಳದ ಮೇಲೆ ಕೊಡಲಿ, ಸಂಬಳದ ಬದಲಿಗೆ ಬೇಡ. ಈ ವಿಷಯದಲ್ಲಿ ನಾನು ಹಟಮಾರಿ.

ಹಣ ಬಿಟ್ಟು ಇನ್ನೊಂದು ಪಾಲೂ ಇದೆ, ಅದು ಮಾತಿನ ಪಾಲು. 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಎಂ.ಜಿ. ರಸ್ತೆಯ ಕಾಫಿ ಹೌಸಿಗೆ, ಅದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಗುವ ಮುಂಚೆ, ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಪೇಟ ಸುತ್ತಿದ ಮಾಣಿ ಕಾಫಿ ಇಟ್ಟು ಹೋದ. "ಈ ಹೋಟೆಲು ಇವರದ್ದೇ, ಸಂಘದಲ್ಲಿ ಇವರಿಗೂ ಓಟು ಇದೆ" ಎಂದೆ. ಅಪ್ಪ ಕಾಫಿ ಆರುವವರೆಗೂ ಆತನನ್ನೇ ನೋಡುತ್ತಿದ್ದರು. ಅಲ್ಲಿ ಯಾರೂ ಕೋಟ್ಯಾಧೀಶರಾಗಲಿಲ್ಲ, ನಿಜ.

ನಮ್ಮ ಸಂವಿಧಾನಕ್ಕೂ ಇದು ಹೊಸದಲ್ಲ. 1976ರಲ್ಲಿ ಸೇರಿಸಿದ 43ಎ ವಿಧಿ, ಕಾರ್ಖಾನೆಯ ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ಒಂಬತ್ತು, ಹತ್ತನೇ ತರಗತಿಗೆ ಸಮಾಜ ಪಾಠ ಹೇಳುವ ನಾನು ನಿರ್ದೇಶಕ ತತ್ವಗಳನ್ನು ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೇನೋ. ಆದರೆ ಈ ವಿಧಿಯ ಮುಂದೆ ಒಂದು ದಿನವೂ ನಿಂತು ಯೋಚಿಸಿರಲಿಲ್ಲ.

ಕಳೆದ ವರ್ಷ ನನ್ನ ಮಗನಿಗೂ ಕಂಪನಿಯಿಂದ ಷೇರಿನ ಪತ್ರ ಬಂತು. ಕನಿಷ್ಠ ಒಂದು ವರ್ಷ ಕಾಯಬೇಕು, ಆಮೇಲೆ ದುಡ್ಡು ಕಟ್ಟಿ ಷೇರು ಕೊಂಡ ಮೇಲೆಯೇ ಓಟು, ಲಾಭಾಂಶ ಎಲ್ಲ ಎಂದು ವಿವರಿಸಿದ. ಸಿಹಿ ಹಂಚಿದೆವು. ಎಂಬತ್ತಾರರ ಅಪ್ಪ ಕನ್ನಡಕ ಹಾಕಿಕೊಂಡು, ಅರ್ಥವಾಗದ ಇಂಗ್ಲಿಷಿನ ಆ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮುಚ್ಚೋ ಕಾಲ ಬಂದ್ರೆ ನಿನ್ನ ಕೇಳ್ತಾರೇನಪ್ಪಾ?"

ಅವನು ನನ್ನ ಮುಖ ನೋಡಿದ. "ಅದನ್ನ ನಾನೇ ಕೇಳ್ಬೇಕು ತಾತ" ಎಂದ.