ಆಯುಧವೂ ಅಭಯವೂ



2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗಿನ ಅವಧಿಯಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ನಾಲ್ವರು ಚಿರತೆಯ ದಾಳಿಗೆ ಬಲಿಯಾದುದನ್ನು ಕಪಿಲೆ ಕಾವೇರಿಯರ ತೀರದ ಜನ ಮರೆತಿಲ್ಲ. ಅವರಲ್ಲಿ ಇಬ್ಬರು ಕಾಲೇಜಿನಲ್ಲಿ ಓದುತ್ತಿದ್ದ ಎಳೆಯರು. ಒಬ್ಬನು ಇನ್ನೂ ಬಾಲಕ. ನಂಜನಗೂಡು ತಾಲ್ಲೂಕಿನಲ್ಲಿ ಬಂಡೀಪುರದ ಅಂಚಿಗಿರುವ ಊರುಗಳಿಗೂ ಹುಲಿ, ಆನೆ, ಕಾಡುಹಂದಿಗಳ ಭಯ ಹೊಸದಲ್ಲ. ಇಂಥ ನೆಲದ ಹತ್ತೊಂಬತ್ತರ ತರುಣನೊಬ್ಬನು, ‘ನಾನು ಮತ ಹಾಕಬಲ್ಲೆ, ಸೈನ್ಯ ಸೇರಿ ಬಂದೂಕನ್ನೂ ಹಿಡಿಯಬಲ್ಲೆ; ನನ್ನ ಹೊಲಕ್ಕೆ ಹೋಗುವಾಗ ಮಾತ್ರ ಅದನ್ನು ಹೆಗಲಿಗೇರಿಸಿ ನಡೆಯಬಾರದೇಕೆ?’ ಎಂದು ಕೇಳಿದರೆ, ಅದನ್ನು ಉದ್ಧಟತನವೆಂದು ತಳ್ಳಿಬಿಡುವುದು ಧರ್ಮವಲ್ಲ. ಉತ್ತರ ಕೊಡಬೇಕಾದುದು ಹಿರಿಯರ ಹೊಣೆ.

ಪ್ರಾಣರಕ್ಷಣೆಯ ಹಕ್ಕನ್ನು ಕಾನೂನು ಯಾರಿಂದಲೂ ಕಸಿದುಕೊಂಡಿಲ್ಲ. ತನ್ನ ಅಥವಾ ಪರರ ಪ್ರಾಣವನ್ನುಳಿಸಲು ಸದ್ಭಾವನೆಯಿಂದ ಕಾಡುಪ್ರಾಣಿಯನ್ನು ಕೊಂದವನು, ಆ ವೇಳೆ ಕಾನೂನುಬಾಹಿರ ಬೇಟೆಯಂಥ ಕೃತ್ಯದಲ್ಲಿ ತೊಡಗಿರದಿದ್ದರೆ, ಅಪರಾಧಿಯಲ್ಲವೆಂದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವೇ ಹೇಳುತ್ತದೆ. ಆದರೆ ರಕ್ಷಣೆಯ ಹಕ್ಕು ಬೇರೆ, ಬಂದೂಕನ್ನು ಹೊಂದುವ ಅಧಿಕಾರ ಬೇರೆ. ಎರಡನೆಯದಕ್ಕೆ 1959ರ ಶಸ್ತ್ರಾಸ್ತ್ರ ಅಧಿನಿಯಮದ ಪರವಾನಗಿ ಬೇಕು. ಬೆಳೆ ಕಾಯುವ ರೈತನಿಗೆ ಪರವಾನಗಿ ಪಡೆಯುವ ದಾರಿ ಅದರಲ್ಲುಂಟು. ರಾಷ್ಟ್ರೀಯ ಉದ್ಯಾನದಿಂದ 10 ಕಿಲೋಮೀಟರ್ ಒಳಗಿನವರಿಗೆ ಹೊಸ ಪರವಾನಗಿ ನೀಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿಯೂ ಅಗತ್ಯ.

ವಯಸ್ಸಿನ ವಿಷಯದಲ್ಲಿ ನಮ್ಮ ಶಾಸನಗಳ ನಡೆ ವಿಚಾರಾರ್ಹವಾದುದು. ಬಂದೂಕಿನ ವಯೋಮಿತಿ ಮೊದಲು 16 ಆಗಿತ್ತು. 1983ರ ತಿದ್ದುಪಡಿಯು ಅದನ್ನು 21ಕ್ಕೇರಿಸಿತು. 1989ರಲ್ಲಿ ಜಾರಿಗೆ ಬಂದ ಸಂವಿಧಾನದ 61ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು 21ರಿಂದ 18ಕ್ಕಿಳಿಸಿತು. ಆರು ವರ್ಷಗಳೊಳಗೆ ಒಂದು ಏರಿತು, ಇನ್ನೊಂದು ಇಳಿಯಿತು. ಇದು ವಿರೋಧಾಭಾಸವೆಂದು ತೋರಬಹುದು, ವಿವೇಚಿಸಿದರೆ ಹಾಗಲ್ಲ. ಒಬ್ಬನು ಮತ ಹಾಕುವಾಗ ಎಡವಿದರೆ ಕೋಟಿ ಜನರ ಮತಗಳು ಅದನ್ನು ಸರಿದೂಗಿಸುತ್ತವೆ, ಐದು ವರ್ಷಗಳ ಬಳಿಕ ತಿದ್ದಿಕೊಳ್ಳುವ ಅವಕಾಶವೂ ಬರುತ್ತದೆ. ಹಾರಿದ ಗುಂಡಿಗೆ ಎರಡನೆಯ ಅವಕಾಶವಿಲ್ಲ. ಇನ್ನು ಸೈನಿಕನ ಮಾತು: ಅವನ ಕೈಯಲ್ಲಿ ಬಂದೂಕಿದ್ದರೂ ಅದನ್ನು ನಡೆಸುವುದು ಶಿಕ್ಷಣ ಮತ್ತು ಆಜ್ಞೆ, ಒಂಟಿಯಾಗಿ ನಡೆಯುವ ತರುಣನನ್ನು ತಡೆಯಲು ಅವನ ಕೋಪದ ಹೊರತು ಬೇರಾರೂ ಜೊತೆಗಿರುವುದಿಲ್ಲ.

ಪರವಾನಗಿಯುಳ್ಳವನಾದರೂ ಬಹಿರಂಗವಾಗಿ ಹೊತ್ತು ತಿರುಗಬಹುದೇ? ಅಮೆರಿಕದ ಹಲವು ರಾಜ್ಯಗಳು ಇದಕ್ಕೆ ಹೌದೆನ್ನುತ್ತವೆ. ನಮ್ಮ 2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಚೀಲದಲ್ಲೋ ಹೊದಿಕೆಯಲ್ಲೋ ಮುಚ್ಚಿಯೇ ಒಯ್ಯಬೇಕೆನ್ನುತ್ತವೆ, ಝಳಪಿಸುವುದನ್ನು ನಿಷೇಧಿಸುತ್ತವೆ. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕಾಗಿ ಅಜಾಗರೂಕತೆಯಿಂದ ಗುಂಡು ಹಾರಿಸುವವನಿಗೆ 2019ರ ತಿದ್ದುಪಡಿಯು ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿದೆ. ಇದರ ಹಿಂದಿನ ನೀತಿ ಸರಳವಾದುದು. ಸಂತೆಯಲ್ಲಿ, ಜಾತ್ರೆಯಲ್ಲಿ ಒಬ್ಬನ ಹೆಗಲ ಮೇಲೆ ಕಾಣುವ ಬಂದೂಕು ಅವನಿಗೆ ಧೈರ್ಯ ಕೊಟ್ಟೀತು. ಎದುರಿಗೆ ಬರುವ ನೂರು ಜನರ ನೆಮ್ಮದಿಯನ್ನು ಕಿತ್ತುಕೊಳ್ಳುತ್ತದೆ. ಪರರ ಅಭಯವನ್ನು ಅಪಹರಿಸಿ ಪಡೆದ ಧೈರ್ಯವು ರಕ್ಷಣೆಯೆನಿಸದು.

ಹಾಗಾದರೆ ಕೊಡಗಿನವರಿಗೇಕೆ ವಿನಾಯಿತಿ ಎಂದು ಕೇಳುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದುದು. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಬಂದೂಕು ಒಕ್ಕದ ಹಿರಿಯರ ಕಣ್ಣಿನಡಿ ಬೆಳೆದದ್ದು. ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವಂಥದು. ತಲೆಮಾರುಗಳ ಸಂಯಮವೇ ಅಲ್ಲಿ ಆಯುಧಕ್ಕೆ ಒರೆಯಾಗಿದೆ. ಆ ಸಂಯಮವನ್ನು ಬಿಟ್ಟು ಬಂದೂಕನ್ನಷ್ಟೇ ಎರವಲು ತರಲಾಗದು.

ಇಷ್ಟು ಹೇಳಿ ಸುಮ್ಮನಾದರೆ ನಮ್ಮ ಮಾತು ಅರ್ಧಸತ್ಯವಾಗುತ್ತದೆ. ತರುಣನ ಕೈಯನ್ನು ತಡೆದ ಸಮಾಜವು ಅವನ ಪ್ರಾಣದ ಹೊಣೆಯನ್ನೂ ಹೊರಬೇಕು. ಊರಂಚಿನ ಕಬ್ಬಿನ ಗದ್ದೆಯಲ್ಲಿ ಚಿರತೆ ಮರೆಯಾಗಿರುವಾಗ, ಪಂಪಿನ ವಿದ್ಯುತ್ತು ರಾತ್ರಿಯಲ್ಲಿ ಬಂದರೆ ರೈತನ ಮಗ ಕತ್ತಲೆಗೆ ಇಳಿಯಲೇಬೇಕು. ಹಗಲಿನಲ್ಲಿ ವಿದ್ಯುತ್ತು, ದಾರಿಗೆ ದೀಪ, ಕರೆದೊಡನೆ ಬರುವ ಅರಣ್ಯ ಸಿಬ್ಬಂದಿ, ವಿಳಂಬವಿಲ್ಲದ ಪರಿಹಾರ: ಇವು ಉಪಕಾರಗಳಲ್ಲ, ಅವನಿಗೆ ಸಲ್ಲಬೇಕಾದ ಋಣ. ಗ್ರಾಮದ ಹಿರಿಯರೂ ಮಠದ ಹಳೆಯ ವಿದ್ಯಾರ್ಥಿಗಳೂ ಈ ಋಣವನ್ನು ಅಧಿಕಾರಿಗಳಿಗೆ ನೆನಪಿಸುತ್ತಿರಬೇಕು, ಸಂಜೆ ಒಂಟಿಯಾಗಿ ಬರುವ ಮಕ್ಕಳಿಗೆ ಜೊತೆಯಾಗಬೇಕು. ಕಾಪಾಡುವವನಿಗೆ ಮಾತ್ರವೇ ‘ತಾಳಿರು’ ಎನ್ನುವ ಅಧಿಕಾರವುಂಟು.